ಬಾಗಿಲಿಗೆ ಬಂದ ಬಸ್ಸು

ಖಾಸಿಂಸಾಬರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಹತ್ತಿಗಿರಣಿ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಬಾಗಲಕೋಟೆಯ ಅಡತಿ ಬಜಾರಿನಲ್ಲಿ ಅವರು ಹತ್ತಿಯ ದಲಾಲಿ ಮಾಡುತ್ತಿದ್ದ ಕಾಲಕ್ಕೆ ಚೀಟಿ ಇಲ್ಲ, ಸಹಿ ಇಲ್ಲ. "ಇದು ಖಾಸಿಂಸಾಬನ ಜಬಾನ್" ಅಂದರೆ ಸಾಕು, ಗಾಡಿಗಟ್ಟಲೆ ಹತ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ವ್ಯವಹಾರ ಮುಗಿದ ಮೇಲೆ ಎರಡೂ ಕೈ ಜಾಡಿಸಿ "ಚುಕ್ತಾ" ಅನ್ನುತ್ತಿದ್ದರು. ಚುಕ್ತಾ ಅಂದ ಮೇಲೆ ಮಾರಿದವನೂ ಬಾಯಿ ತೆಗೆಯುವಂತಿಲ್ಲ, ಕೊಂಡವನೂ ಬಾಯಿ ತೆಗೆಯುವಂತಿಲ್ಲ. ಇಂಥ ಮನುಷ್ಯನನ್ನು ಓಣಿಯವರು ತಲೆಯ ಮೇಲೆ ಹೊತ್ತುಕೊಂಡು ತಿರುಗಿದರೆ ಆಶ್ಚರ್ಯವೇನಿಲ್ಲ. ಆದರೆ ಮಾತಿಗೆ ತಪ್ಪದವರ ಜೊತೆ ಒಂದೇ ಸೂರಿನ ಕೆಳಗೆ ಬಾಳುವುದು ಎಂಥ ತ್ರಾಸಿನ ಕೆಲಸ ಅನ್ನುವುದು ಓಣಿಗೆ ಗೊತ್ತಿಲ್ಲ. ಅದನ್ನು ಅವರ ಸೊಸೆ ಖುಶನುಮಾಳನ್ನು ಕೇಳಬೇಕು.

ಖುಶನುಮಾ ಗುಳೇದಗುಡ್ಡದ ಹುಡುಗಿ. ಅಪ್ಪ ಫಾರೂಕ ಕುಪ್ಪಸದ ಖಣದ ವ್ಯಾಪಾರಿ. ಮಗಳನ್ನು ಹಟ ಹಿಡಿದು ಓದಿಸಿದ್ದ. ವಿದ್ಯಾಗಿರಿಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ, ರಕ್ತದ ತಪಾಸಣೆ ಎಲ್ಲ ಕಲಿತು ಬಂದವಳು. ನಿಕಾಹದ ಮಾತುಕತೆಗೆ ಕೂತಾಗ ಫಾರೂಕ, "ಹುಡುಗಿ ಕಲತಾಳ್ರಿ. ಮುಂದ ನೌಕರಿ ಮಾಡಾಕ ಬಿಡ್ತೀರಿಲ್ಲೊ?" ಎಂದು ಕೇಳಿದ. ಖಾಸಿಂಸಾಬರು ಚಹಾದ ಬಶಿ ಕೆಳಗಿಟ್ಟು, "ನಮ್ಮ ಬಾಗಲಿಗೆ ಬಸ್ ಬಂದು ನಿಂದರ್ಲಿ, ಅದನ್ನ ಹತ್ತಿ ಸೊಸಿ ನೌಕರಿಗೆ ಹೋಗ್ಲಿ. ಅಲ್ಲೀತನಕಾ ಹೊಸ್ತಲಾ ದಾಟೂದು ಬ್ಯಾಡ. ಇದು ಖಾಸಿಂಸಾಬನ ಜಬಾನ್" ಎಂದರು. ಕೂತವರೆಲ್ಲ ನಕ್ಕರು. ಆಗ ಅವರ ಮನೆಯ ಮುಂದಿನ ರಸ್ತೆಯಲ್ಲಿ ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಿತ್ತು, ಬಸ್ಸೆಲ್ಲಿಂದ ಬರಬೇಕು? ಫಾರೂಕನೂ ನಕ್ಕುಬಿಟ್ಟ. ಪರದೆಯ ಹಿಂದೆ ಕೂತಿದ್ದ ಖುಶನುಮಾ ಒಬ್ಬಳೇ ನಗಲಿಲ್ಲ. ಮಾತನ್ನು ಮಾತ್ರ ನೆನಪಿಟ್ಟುಕೊಂಡಳು.

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಹೆಚ್ಚಾಗಿ ಆಡಿದ ಮಾತು ಒಂದೇ: "ಅಬ್ಬಾ ಹೇಳಿದಂಗಽ." ಇವತ್ತು ಬದನೆಕಾಯಿಯೋ ಹೀರೆಕಾಯಿಯೋ? ಅಬ್ಬಾ ಹೇಳಿದಂಗಽ. ತವರಿಗೆ ಈ ಹಬ್ಬಕ್ಕೋ ಮುಂದಿನ ಹಬ್ಬಕ್ಕೋ? ಅಬ್ಬಾ ಹೇಳಿದಂಗಽ. ಮಾವನನ್ನು ಅವಳು ಅಬ್ಬಾ ಎಂದೇ ಕರೆಯುತ್ತಿದ್ದಳು. ಉಸಿರಾಡುವಷ್ಟೇ ಸಲೀಸಾಗಿ ಬಾಯಿಂದ ಬೀಳುತ್ತಿತ್ತು ಆ ಮಾತು. ಅತ್ತೆ ಜೋಹರಾಬಿ ನೆರೆಹೊರೆಯವರ ಮುಂದೆ ಇದನ್ನೇ ಹೇಳಿ ಮೆರೆಯುತ್ತಿದ್ದಳು.

ಅಷ್ಟರಲ್ಲಿ ರಸ್ತೆ ಅಗಲವಾಯಿತು. ಓಣಿಯ ಬಾಯಲ್ಲೇ ಇದ್ದ ಖಾಸಿಂಸಾಬರ ಮನೆಯ ಕಟ್ಟೆ ಅರ್ಧ ಹೋಯಿತು, ಉಳಿದರ್ಧದ ಮೇಲೆ ಅವರು ಮುಂಜಾನೆಯಿಂದ ಕೂಡತೊಡಗಿದರು. ಬಜಾರಿನಲ್ಲಿ ಈಗ ಎಲ್ಲ ಕಂಪ್ಯೂಟರಿನ ಟೆಂಡರು, ಅವರ ಜಬಾನ್ ಅಲ್ಲಿ ಯಾರಿಗೂ ಬೇಡ. ಅದು ನಡೆಯುವ ಜಾಗವೆಂದರೆ ಇನ್ನು ಈ ಮನೆಯೊಂದೇ.

ಹೀಗಿರುವಾಗ ಒಂದು ಮುಂಜಾನೆ ಎಲ್ಲರೂ ಚುರುಮುರಿಯ ಸುಸಲಾ ತಿನ್ನುತ್ತ ಕೂತಿದ್ದಾಗ ನಾದಿನಿ ಆಫ್ರೀನ ಸುದ್ದಿ ತೆಗೆದಳು. ಆಫ್ರೀನ ವಿದ್ಯಾಗಿರಿಯಲ್ಲಿ ಬಿ.ಎ. ಓದುವವಳು. ಮಗಳಾದ್ದರಿಂದ ಹೊಸ್ತಿಲಿನ ಕಟ್ಟಳೆ ಅವಳಿಗೆ ಇರಲಿಲ್ಲ.

"ಅಬ್ಬಾ, ಹೊಸಾ ಸಿಟಿ ಬಸ್ ಬಿಡ್ತಾರಂತ. ಹಳೇ ಊರಿಂದ ವಿದ್ಯಾಗಿರಿ ಮ್ಯಾಲೆ ನವನಗರಕ್ಕ. ನಮ್ಮ ರೋಡಿನಾಗಽ ಹೋಗ್ತೈತಂತ!"

"ಹೋದ್ರ ಹೋಗ್ಲಿ," ಎಂದರು ಖಾಸಿಂಸಾಬರು.

"ಎಲ್ಲೆಲ್ಲಿ ನಿಂದರ್ತೈತಿ ಅನ್ನೂದು ಇನ್ನಾ ಪಕ್ಕಾ ಆಗಿಲ್ಲ. ಓಣಿ ಮಂದೀನ್ನ ಕೇಳಿ ಸ್ಟಾಪ್ ಮಾಡ್ತಾರಂತ. ನಮ್ಮ ಬಾಗಲ ಮುಂದ ಆತಂದ್ರ ಭಾಬಿಗೆ ಲಾಟರಿ ಹತ್ತಿದಂಗ ನೋಡ್ರಿ."

ಚಹಾ ಸೋಸುತ್ತಿದ್ದ ಖುಶನುಮಾಳ ಕೈ ಅಲ್ಲೇ ನಿಂತಿತು. ಅವಳು ಮೂರು ಜನರ ಮುಖ ನೋಡಿದಳು. ಗಂಡ ಮತೀನ ತಟ್ಟೆಯಲ್ಲಿನ ಹುರಿಗಡಲೆ ಆರಿಸುತ್ತಿದ್ದ. ಮಾವ ಮೀಸೆ ಒರೆಸಿಕೊಂಡರು. ಜೋಹರಾಬಿ, "ಜ್ವಾಳದ ಹಿಟ್ಟು ತಳಾ ಕಂಡೈತಿ, ಇವತ್ತ ಗಿರಣಿಗೆ ಕಳಸಬೇಕು," ಎಂದು ಮಾತು ಬೇರೆ ಕಡೆ ಹೊರಳಿಸಿದಳು.

ಅವತ್ತೇ ಮಧ್ಯಾಹ್ನ ಖುಶನುಮಾ ಮೃಣಾಲಿನಿ ಮೇಡಂಗೆ ಫೋನು ಮಾಡಿದಳು. ಕೋರ್ಸಿನಲ್ಲಿ ಪಾಠ ಹೇಳಿದವರು, ಈಗ ನವನಗರದಲ್ಲಿ ತಮ್ಮದೇ ಲ್ಯಾಬ್ ಇಟ್ಟಿದ್ದರು. ಇವಳ ಕೈ ಹಗುರ, ಚುಚ್ಚಿದ್ದು ಪೇಷಂಟಿಗೆ ಗೊತ್ತೇ ಆಗುವುದಿಲ್ಲ ಎಂದು ಆಗಿನಿಂದಲೂ ಅಕ್ಕರೆ.

"ನಿನಗಂತನ ಒಂದು ಜಾಗಾ ಇಟ್ಟೇನಿ, ಖುಶನುಮಾ," ಎಂದರು ಮೇಡಂ. "ಆದ್ರ ಬಸ್ ಶುರು ಆದಮ್ಯಾಲೆ ಭಾಳ ದಿನಾ ಕಾಯಲಿಕ್ಕೆ ಆಗೂದಿಲ್ಲ ನೋಡು. ಕೆಲಸಾ ಅದ, ಮಂದಿ ಬೇಕು."

ರಾತ್ರಿ ಊಟಕ್ಕೆ ಬಡಿಸುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಅಬ್ಬಾ, ಸ್ಟಾಪ್ ನಮ್ಮ ಬಾಗಲ ಮುಂದ ಆತಂದ್ರ... ನಿಕಾಹದಾಗ ಹೇಳಿದ ಮಾತು ನೆನಪೈತಿಲ್ರಿ?"

ಮತೀನ ತಲೆ ಎತ್ತಿದ. ಖಾಸಿಂಸಾಬರು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ, ನಿಧಾನ ಅಗಿದು ನುಂಗಿ, ಆಮೇಲೆ ಹೇಳಿದರು: "ಜಬಾನ್ ಅಂದ್ರ ಜಬಾನ್, ಬೇಟಿ. ಬಸ್ ಬಾಗಲಿಗೆ ಬಂದು ನಿಂತ್ರ ಹೋಗು. ಖಾಸಿಂಸಾಬ ಇಲ್ಲ ಅನ್ನಂಗಿಲ್ಲ."

ಆಹಾ, ಅವತ್ತು ಖುಶನುಮಾಳಿಗಾದ ಹಿಗ್ಗು! ಮಾವನ ತಾಟಿಗೆ ಬೇಡವೆಂದರೂ ಇನ್ನೊಂದು ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ ಹಾಕಿದಳು. ಪಾಪ, ಹುಡುಗಿಗೆ ತಿಳಿಯಲಿಲ್ಲ. ಮಾತು ಮುರಿಯಲಾರದ ಮನುಷ್ಯ ಬಸ್ ಸ್ಟಾಪನ್ನು ಸರಿಸಬಲ್ಲ.

ವಾರದೊಳಗೆ ವಿಜಯೀಂದ್ರ ಎಂಬ ಎಂಜಿನಿಯರ್ ಇಬ್ಬರು ಆಳುಗಳ ಜೊತೆ ರಸ್ತೆ ನೋಡಲು ಬಂದ. ಖಾಸಿಂಸಾಬರ ಮನೆಯ ಮುಂದೆ ನಿಂತು ಆಚೆ ಈಚೆ ಕಣ್ಣಳತೆ ಮಾಡಿ, ಆಳಿನ ಕೈಯಲ್ಲಿ ಸುಣ್ಣದ ಗುಂಡು ಗುರುತು ಹಾಕಿಸಿದ.

"ಏನಪಾ ಇದು, ನಮ್ಮ ಬಾಗಲಾಗ ಸುಣ್ಣಾ?" ಎಂದು ಕೇಳಿದರು ಖಾಸಿಂಸಾಬರು.

"ಅಜ್ಜಾರ, ಈ ಕಡೆ ಎರಡು ಜಾಗಾ ನೋಡೇವ್ರಿ. ಒಂದು ಇಲ್ಲಿ, ನಿಮ್ಮ ಓಣಿ ಬಾಯಾಗ. ಇನ್ನೊಂದು ಅಲ್ಲಿ ನೀರಿನ ಟಾಕಿ ಹತ್ರ. ಎರಡರಾಗ ಒಂದಽ ಮಾಡೋದು. ಶುಕ್ರವಾರ ನಿಮ್ಮ ಸಾಲಿ ಹಾಲಿನಾಗ ಮೀಟಿಂಗ್ ಅದ, ಮಂದಿ ಎಲ್ಲಿ ಅಂತಾರ ಅಲ್ಲಿ ಬೋರ್ಡ್ ನೆಡ್ತೇವಿ."

ಅವರು ಅತ್ತ ಹೋದರೋ ಇಲ್ಲವೋ, ಖಾಸಿಂಸಾಬರು ಒಳಗೆ ಕೂಗಿದರು. "ಬೇಟಿ, ಬಾಗಲಿಗೆ ನೀರ್ ಹಾಕು. ಆ ಸುಣ್ಣಾ ಹೋಗಬೇಕು."

"ಅಬ್ಬಾ ಹೇಳಿದಂಗಽ," ಅಂದಳು ಖುಶನುಮಾ. ಬಕೆಟು ತಂದು ನೀರು ಹಾಕಿದಳು, ಕಸ ಹೊಡೆದಳು. ಆದರೆ ಗುರುತಿನ ಸುತ್ತಲೂ ಹಾಕಿದಳೇ ಹೊರತು ಗುರುತಿನ ಮೇಲೆ ಒಂದು ಹನಿ ಬೀಳಗೊಡಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಮದುವೆಯಾದಾಗಿನಿಂದ ಅವಳು ಮಾವನ ಮಾತು ಮೀರಿದ್ದು ಅಷ್ಟೇ.

ಮನೆಯಲ್ಲಿ ಜಗಳ ಶುರುವಾಯಿತು. ವಿಚಿತ್ರವೆಂದರೆ ಅಪ್ಪನ ಎದುರು ನಿಂತವನು ಮತೀನ. ಅವನದು ಆಟೋ, ನೀರಿನ ಟಾಕಿಯ ಕೆಳಗೇ ಅವರ ಸ್ಟ್ಯಾಂಡು.

"ಟಾಕಿ ಹತ್ರ ಸ್ಟಾಪ್ ಆದ್ರ ನನ್ನ ಹೊಟ್ಟಿ ಮ್ಯಾಲೆ ಹೊಡದಂಗ, ಅಬ್ಬಾ. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ. ಕಣ್ಣ ಮುಂದ ಬಸ್ ನಿಂತಿರಬೇಕಾದ್ರ ನನ್ನ ಆಟೋ ಯಾರ್ ಹತ್ತತಾರ? ಸ್ಟಾಪ್ ಇಲ್ಲೇ ನಮ್ಮ ಬಾಗಲಾಗಽ ಆಗಬೇಕು."

"ಬಾಗಲಾಗ ಊರ ಮಂದೀನೆಲ್ಲಾ ತಂದು ನಿಂದರಸ್ತೀ? ನಿಂತವರು ಸುಮ್ಕ ನಿಂದರ್ತಾರೇನು? ಎಲಿ ಅಡಿಕಿ ಉಗಳ್ತಾರ, ಒಳಗ ಹಣಿಕಿ ಹಾಕ್ತಾರ. ಮನಿಯೊಳಗ ಹೆಣ್ಮಕ್ಕಳದಾರ ಅನ್ನೂ ಖಬರ್ ಐತಿಲ್ಲೊ ನಿನಗ?"

"ಪರದೆ ಹಾಕಿದ್ರ ಆತು."

"ನನ್ನ ಮನಿಗೆ ನಾ ಪರದೆ ಹಾಕಿಕೊಂಡು ಕೂಡ್ರಲೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಖುಶನುಮಾಳಿಗೆ ಗಂಡನ ಒಂದೊಂದು ಮಾತೂ ಸಿಹಿ. ಅವಳು ಜೋರಾಗಿ ಬಡಿದಳು. ಜೋಹರಾಬಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಭಾಳ ಹಿಗ್ಗಬ್ಯಾಡವಾ. ನೀ ಹೊರಗ ಹೊಂಟ್ರ ಒಲಿ ಮುಂದ ಯಾರ್ ಕೂಡ್ರವ್ರು? ಈ ಮೊಣಕಾಲು ಮಡಚಾಕ ಬಿಡ್ತಾವೇನು?" ಎಂದಳು.

"ಮುಂಜಾನೆ ಎಲ್ಲಾ ಮಾಡಿಟ್ಟು ಹೋಗ್ತೇನ್ರಿ ಅಮ್ಮಿ."

"ತಣ್ಣನ್ನ ರೊಟ್ಟಿ ನಿಮ್ಮ ಮಾವ ಮುಟ್ಟಂಗಿಲ್ಲ."

ಮೀಟಿಂಗಿಗೆ ಎರಡು ದಿನ ಇತ್ತು. ಖಾಸಿಂಸಾಬರು ಮಗನನ್ನು ಕಟ್ಟೆಯ ಮೇಲೆ ಮಗ್ಗುಲಿಗೆ ಕೂಡಿಸಿಕೊಂಡರು. ದಲಾಲಿ ಮಾಡಿದ ಬಾಯಿ, ದನಿ ತಗ್ಗಿಸಿದರೆ ಬೆಣ್ಣೆ.

"ನೀ ಒಂದಽ ಕಡೆ ನೋಡಾಕತ್ತೀ, ಮತೀನ. ಹತ್ತವ್ರನ್ನ ನೋಡಿದಿ, ಇಳಿಯವ್ರನ್ನ ನೋಡಲಿಲ್ಲ. ಟಾಕಿ ಹತ್ರ ಇಳದ ಮಂದಿ ಸಂತಿ ಚೀಲಾ ಹೊತಗೊಂಡು ಒಳಗಿನ ಓಣಿಗೆ ನಡಕೊಂತ ಬರ್ತಾರೇನು? ಅಲ್ಲೇ ನಿನ್ನ ಆಟೋ ನಿಂತಿರ್ತೈತಿ. ನಮ್ಮ ಬಾಗಲಾಗ ಇಳದ್ರ ಅಂದ್ರ ಅವರವರ ಮನಿ ಹತ್ರಽ ಆತು, ನಿನಗ ಬಿಡಿಗಾಸು ಹುಟ್ಟಂಗಿಲ್ಲ."

ಮತೀನ ಟಾಕಿಯ ಕಡೆ ಕುತ್ತಿಗೆ ಹೊರಳಿಸಿ ನೋಡಿದ. "ಹೌದಲ್ಲ," ಅಂದ.

ಕಿಡಕಿಯಲ್ಲಿ ನಿಂತ ಖುಶನುಮಾ ಅದನ್ನು ಕೇಳಿಸಿಕೊಂಡಳು. ಅವನು ಕೈ ತೊಳೆಯಲು ಒಳಗೆ ಬಂದಾಗ ಚರಿಗೆ ಕೊಡದೆ ಹಿಡಿದುಕೊಂಡೇ ನಿಂತಳು.

"ನಿನ್ನೀತನಕಾ ಬಾಗಲಾಗಽ ಆಗಬೇಕು ಅಂತಿದ್ರಿ."

"ಧಂದೆ ನೋಡಬೇಕಲ್ಲ, ಖುಶಿ."

"ಮತ್ತ ನಾ?"

"ನಿನಗೇನಾತು? ನೀ ಎಲ್ಲಿ ಹೋಗ್ತಿ? ಇಲ್ಲೇ ಇರ್ತೀಯಲ್ಲ." ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ. ಚರಿಗೆ ಅವಳ ಕೈಯಿಂದ ತೆಗೆದುಕೊಂಡು ಹಿತ್ತಲಿಗೆ ಹೋದ. ತನ್ನ ಪರವಾಗಿ ಇಷ್ಟು ದಿನ ಜಗಳಾಡಿದವನು ತನ್ನನ್ನು ಒಮ್ಮೆಯೂ ನೆನೆದಿರಲಿಲ್ಲ ಅನ್ನುವುದು ಅವಳಿಗೆ ಆಗ ಗೊತ್ತಾಯಿತು.

ಶುಕ್ರವಾರ ನಮಾಜು ಮುಗಿದ ಮೇಲೆ ಸಾಲೆಯ ಹಾಲಿನಲ್ಲಿ ಮಂದಿ ಕೂಡಿದರು. ಗಂಡಸರು ಮುಂದಿನ ಬೆಂಚುಗಳಲ್ಲಿ, ಹೆಂಗಸರು ಹಿಂದಿನ ಬೆಂಚುಗಳಲ್ಲಿ. ಆಫ್ರೀನ ಅಪ್ಪನಿಗೆ ಗಂಟುಬಿದ್ದು ಭಾಬಿಯನ್ನೂ ಕರೆದುಕೊಂಡು ಬಂದಿದ್ದಳು. ಖಾಸಿಂಸಾಬರು ಅದಕ್ಕೆ ಅಡ್ಡ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಮೊದಲು ಎದ್ದವನು ಪಕ್ಕದ ಕಿರಾಣಿ ಅಂಗಡಿಯ ಅಮಾತೆಪ್ಪ. "ಸಾಹೇಬ್ರ, ಸ್ಟಾಪ್ ಓಣಿ ಬಾಯಾಗಽ ಮಾಡ್ರಿ. ಹೆಣ್ಮಕ್ಕಳು, ಮಕ್ಕಳು ಎಲ್ಲಾರಿಗೂ ಹತ್ರ ಆಗ್ತೈತಿ."

"ನಿನ್ನ ಅಂಗಡಿಗೂ ಹತ್ರ ಆಗ್ತೈತಿ ಬಿಡಪಾ," ಎಂದು ಯಾರೋ ಕೂಗಿದರು. ಮಂದಿ ನಕ್ಕರು. ಅಮಾತೆಪ್ಪ ಮುಖ ಸಪ್ಪಗೆ ಮಾಡಿಕೊಂಡು ಕೂತ.

ಆಮೇಲೆ ಖಾಸಿಂಸಾಬರು ಎದ್ದರು. ಮನೆ, ಮರ್ಯಾದೆ, ಹಣಿಕಿ ಹಾಕುವವರು, ಒಂದರ ಸುದ್ದಿಯನ್ನೂ ಎತ್ತಲಿಲ್ಲ. "ನೋಡ್ರಿ, ನಮಗ ನಮ್ಮ ಅನುಕೂಲ ಮುಖ್ಯ ಅಲ್ಲ. ಸ್ಟಾಪ್ ನನ್ನ ಬಾಗಲಿಗೆ ಬಂದ್ರ ನನಗಽ ಆರಾಮ. ನನ್ನ ಹೇಣ್ತಿಗೆ ಮೊಣಕಾಲ ಬ್ಯಾನಿ, ಹೊರಗ ಕಾಲಿಟ್ರ ಬಸ್ಸು. ಆದ್ರ ಟಾಕಿ ಹತ್ರ ಔಷಧ ಅಂಗಡಿ ಐತಿ, ಅಂಗನವಾಡಿ ಐತಿ, ನಾಕು ಓಣಿ ಕೂಡ್ತಾವು. ಒಬ್ಬ ಖಾಸಿಂಸಾಬನ ಸಲುವಾಗಿ ನಾಕು ಓಣಿ ಮಂದಿ ನಡೀಬೇಕೇನು?"

ಅಬ್ಬಬ್ಬಾ, ಎಂಥ ಚಪ್ಪಾಳೆ! ತನ್ನ ಬಾಗಿಲಿಗೆ ಬಂದದ್ದನ್ನು ಊರಿಗೆ ಬಿಟ್ಟುಕೊಟ್ಟ ಪುಣ್ಯಾತ್ಮ ಎಂದು ಮಂದಿ ತಲೆದೂಗಿದರು.

ವಿಜಯೀಂದ್ರ ಹಿಂದಿನ ಬೆಂಚುಗಳ ಕಡೆ ನೋಡಿದ. "ಹೆಣ್ಮಕ್ಕಳು ಏನಂತೀರಿ? ಬಸ್ಸಿನಾಗ ಹೆಚ್ಚು ಅಡ್ಡಾಡವ್ರು ನೀವಽ ಅಲ್ರಿ."

ಆಫ್ರೀನ ಮೊಣಕೈಯಿಂದ ತಿವಿದಳು. ಹೇಳಬೇಕಾದ ಮಾತನ್ನು ಖುಶನುಮಾ ಮುಂಜಾನೆಯಿಂದ ಹಿಟ್ಟು ನಾದುತ್ತ, ಬಟ್ಟೆ ಹಿಂಡುತ್ತ ಬಾಯಿಪಾಠ ಮಾಡಿದ್ದಳು. ಒಳಗಿನ ಓಣಿಯ ಮುದುಕಿಯರಿಗೆ ಟಾಕಿ ದೂರ, ಓಣಿ ಬಾಯಿ ಸಮೀಪ. ಅಷ್ಟೇ ಹೇಳಬೇಕು, ತನ್ನ ನೌಕರಿಯ ಮಾತೇ ಬೇಡ. ಅರ್ಧ ಎದ್ದೂ ಬಿಟ್ಟಳು.

ಅಷ್ಟರಲ್ಲಿ ಖಾಸಿಂಸಾಬರೇ ಹಿಂದಕ್ಕೆ ಹೊರಳಿ, "ನಮ್ಮ ಸೊಸಿನಽ ಅದಾಳಲ್ರಿ, ಕಲತಾಕಿ. ಆಕೀನ್ನಽ ಕೇಳ್ರಿ. ಏನ್ ಬೇಟಿ, ಸ್ಟಾಪ್ ಎಲ್ಲಿ ಆಗಬೇಕು?" ಎಂದು ಕೇಳಿದರು.

ಮಾವ ಕೇಳಿದ್ದಾರೆ. ಇಡೀ ಓಣಿ ಕುತ್ತಿಗೆ ಹೊರಳಿಸಿ ನೋಡುತ್ತಿದೆ. ಖುಶನುಮಾ ಬಾಯಿ ತೆರೆದಳು, ಬಾಯಿ ತನಗೆ ರೂಢಿಯಾದದ್ದನ್ನೇ ಆಡಿತು.

"ಅಬ್ಬಾ ಹೇಳಿದಂಗಽ."

ವಿಜಯೀಂದ್ರ ತನ್ನ ಕಾಗದದ ಮೇಲೆ ಗುರುತು ಮಾಡಿಕೊಂಡ. ಅಲ್ಲಿಗೆ ಮುಗಿಯಿತು.

ದಾರಿಯುದ್ದ ಆಫ್ರೀನ ಬೈದಳು. "ಭಾಬಿ, ಖರೇನಽ ಹೇಳ, ನಿನ್ನ ಬಾಯಾಗ ಏನ್ ಹುಣ್ಣಾಗಿತ್ತೇನು? ತಾಟು ಹಚ್ಚಿ ಮುಂದ ಇಟ್ರ ಉಣ್ಣಾಕ ಬರಲಿಲ್ಲಲ್ಲ ನಿನಗ!"

"ಬಂದ್ಬಿಡ್ತು, ಆಫ್ರೀನ. ನಾ ಅನ್ನಲಿಲ್ಲ, ಬಂದ್ಬಿಡ್ತು." ಬುರ್ಖಾದ ಒಳಗೆ ಅಳು ಒತ್ತರಿಸಿ ಬಂತು, ಯಾರಿಗೂ ಕಾಣಲಿಲ್ಲ. ಮನೆ ತಲುಪಿ ಬಾಗಿಲ ಮುಂದಿನ ಸುಣ್ಣದ ಗುರುತು ದಾಟುವಾಗ ಕಾಲೆತ್ತಿ ದಾಟಿದಳು.

ಆಮೇಲೆ ಅವಳು ಇನ್ನೊಂದು ಸಲ ಕೇಳಿ ನೋಡಿದಳು. ಟಾಕಿ ಏನು ಮಹಾ ದೂರ, ನಡೆದುಕೊಂಡು ಹೋಗಿ ಹತ್ತುತ್ತೇನೆ ಅಂದಳು.

"ಜಬಾನ್ ಏನಿತ್ತು, ಬೇಟಿ? ಬಾಗಲಿಗೆ ಅಂದಿದ್ದೆ. ಟಾಕಿಗೆ ಅಂದಿದ್ದಿಲ್ಲ."

ಅವರು ಹೇಳಿದ್ದು ಅಕ್ಷರಶಃ ನಿಜ.

ಬಸ್ಸು ಶುರುವಾಯಿತು. ಟಾಕಿಯ ಹತ್ತಿರ ಬೋರ್ಡು ಬಿತ್ತು. ಬಸ್ಸು ಮಾತ್ರ ಖಾಸಿಂಸಾಬರ ಬಾಗಿಲ ಮುಂದೆಯೇ ಹಾದು ಹೋಗುತ್ತಿತ್ತು. ಹೋದಾಗಲೆಲ್ಲ ಅಡಿಗೆ ಮನೆಯ ಮಾಡದಲ್ಲಿನ ಸ್ಟೀಲಿನ ಡಬ್ಬಿಗಳು ಗಡಗಡ ಅನ್ನುತ್ತಿದ್ದವು. ಇದಕ್ಕಿಂತ ಬಸ್ಸೇ ಬಾರದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ಖುಶನುಮಾಳಿಗೆ. ಮೊದಲು ಹೊಸ್ತಿಲಾಚೆ ಏನಿದೆ ಎಂದು ನೋಡದೆ ಇದ್ದುಬಿಡಬಹುದಿತ್ತು. ಈಗ ಬಸ್ಸಿನ ಕಿಡಕಿಯಲ್ಲಿ ಕೂತ ಹೆಂಗಸರು ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋಗುವುದು ಕಾಣುತ್ತಿತ್ತು. ಡಬ್ಬಿಗಳು ಸದ್ದು ಮಾಡಿದ ಕೂಡಲೆ ಅವಳು ಹಿಟ್ಟಿನ ಮುದ್ದೆಯನ್ನು ಗುದ್ದಿ ಗುದ್ದಿ ನಾದುತ್ತಿದ್ದಳು. "ಹಿಟ್ಟೇನು ನಿನ್ನ ದುಶ್ಮನ್ ಏನಽ?" ಎಂದು ಜೋಹರಾಬಿ ಗದರುತ್ತಿದ್ದಳು.

ಮೃಣಾಲಿನಿ ಮೇಡಂ ಫೋನು ಮಾಡಿದರು. "ಬುಧವಾರದ ತನಕಾ ನೋಡ್ತೇನಿ, ಖುಶನುಮಾ. ಆಮ್ಯಾಲೆ ಬ್ಯಾರೆಯವ್ರನ್ನ ತಗೋಬೇಕಾಗ್ತದ. ಬೇಜಾರ ಮಾಡ್ಕೋಬ್ಯಾಡ."

"ಇಲ್ರಿ ಮೇಡಂ," ಅಂದಳು. ಫೋನು ಇಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹಾಲಿಗೆ ಹೆಪ್ಪು ಹಾಕಿದಳು.

ಮಂಗಳವಾರ ಜೋಹರಾಬಿಗೆ ನವನಗರದ ದವಾಖಾನೆಗೆ ಹೋಗಬೇಕಿತ್ತು, ಶುಗರ್ ತೋರಿಸಲು. ಯಾವಾಗಲೂ ಮಗನ ಆಟೋದಲ್ಲೇ ಹೋಗುತ್ತಿದ್ದಳು.

"ಈಗ ಆಗಂಗಿಲ್ಲ ಅಮ್ಮಿ," ಎಂದ ಮತೀನ, ಚಹಾ ಒಂದೇ ಗುಟುಕಿಗೆ ಮುಗಿಸುತ್ತ. "ಬಸ್ಸಿನ ಟೈಮಿಗೇ ನನ್ನ ಗಿರಾಕಿ. ಮಂದಿ ಇಳೀತಾರ, ನಾ ಅಲ್ಲಿರಬೇಕು. ನೀ ಬಸ್ಸಿಗೆ ಹೋಗು, ಪುಕ್ಕಟೆ ಐತಲ್ಲ."

"ಟಾಕೀತನಕಾ ಹ್ಯಾಂಗ ನಡೀಲಿ? ನಿನ್ನ ಆಟೋದಾಗ ಅಷ್ಟರ ಬಿಡು."

"ನೀ ಬುರ್ಖಾ ಹಾಕ್ಕೊಂಡು ಹೊರಗ ಬರೂದ್ರಾಗ ಪಾಳಿ ಹೋಗ್ತೈತಿ," ಎಂದವನೇ ಹೊರಟುಹೋದ.

ಜೋಹರಾಬಿ ಗಂಡನ ಕಡೆ ತಿರುಗಿದಳು. "ಕೇಳಿದ್ರಿ? ನಾಕು ಓಣಿ ಮಂದಿಗೆ ಅನುಕೂಲ ಮಾಡಿದ್ರಿ. ನನ್ನ ಕಾಲಿನ ಸುದ್ದಿ ಹೇಳಿ ಚಪ್ಪಾಳಿ ಹೊಡಿಸಿಕೊಂಡ್ರಿ. ಈಗ ನಾ ಹಾರಿಕೊಂತ ಹೋಗಲೇನು?"

"ಸಾವಕಾಶ ನಡಿ," ಎಂದರು ಖಾಸಿಂಸಾಬರು.

"ನೀವಽ ನಡೀರಿ."

ಬುರ್ಖಾ ಹಾಕಿಕೊಂಡು, ದವಾಖಾನೆಯ ಚೀಲ ಹಿಡಿದು ಮುದುಕಿ ಹೊರಗೆ ಬಂದಳು. ಟಾಕಿಯ ಕಡೆ ಕಾಲೂ ಹಾಕಲಿಲ್ಲ. ಬಾಗಿಲ ಮುಂದೆ, ಮಳೆಗೂ ಗಾಲಿಗೂ ಸವೆದು ಅರ್ಧ ಉಳಿದಿದ್ದ ಆ ಸುಣ್ಣದ ಗುರುತಿನ ಮೇಲೆಯೇ ನಿಂತುಕೊಂಡಳು. ಬಸ್ಸು ತಿರುವಿನಲ್ಲಿ ಕಂಡಿತು. ಜೋಹರಾಬಿ ಕೈ ಮಾಡಿದಳು.

ನಮ್ಮ ಕಡೆ ಬೋರ್ಡು, ಮೀಟಿಂಗು ಎಲ್ಲ 'ಕೈ ಮಾಡುವ' ತನಕ. ಮುದುಕಿಯೊಬ್ಬಳು ರಸ್ತೆಯಲ್ಲಿ ನಿಂತು ಕೈ ಮಾಡಿದರೆ ನಿಲ್ಲಿಸದೆ ಹೋಗುವ ಡ್ರೈವರ್ ಬಾಗಲಕೋಟೆಯಲ್ಲಿ ಇನ್ನೂ ಹುಟ್ಟಬೇಕು. ಬಸ್ಸು ಬುಸ್ಸೆಂದು ಬಾಗಿಲ ಎದುರೇ ನಿಂತಿತು. ಕಂಡಕ್ಟರ್ ಶೀಲಾ, ಶಿರೂರಿನವಳು, ಬಾಗಿಲಲ್ಲಿ ನಿಂತು ಕೈ ಚಾಚಿದಳು.

"ಹತ್ತವಾ, ಸಾವಕಾಶ."

"ಇಲ್ಲಿ ಸ್ಟಾಪ್ ಇಲ್ಲ!" ಕಟ್ಟೆಯಿಂದ ಖಾಸಿಂಸಾಬರು ಕೂಗಿದರು.

"ಇರಲಿ ಬಿಡ್ರಿ ಅಜ್ಜಾರ. ವಯಸ್ಸಾದಾಕಿ ಕೈ ಮಾಡ್ಯಾಳ, ಬಿಟ್ಟು ಹೋಗಾಕ ಬರ್ತೈತೇನು?"

ಜೋಹರಾಬಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹೊರಳಿ ನೋಡಿದಳು. ಬಾಗಿಲಲ್ಲಿ ಖುಶನುಮಾ ನಿಂತಿದ್ದಳು. ಮೊಣಕೈತನಕ ಜೋಳದ ಹಿಟ್ಟು, ಬರಿಗಾಲು, ಮನೆಯ ಹಳೆ ನೈಟಿಯ ಮೇಲೆ ದುಪ್ಪಟ್ಟಾ. ಇಡೀ ಬಸ್ಸು ಅವಳನ್ನೇ ನೋಡುತ್ತಿತ್ತು. ಒಲೆಯ ಮೇಲೆ ಹಂಚಿನಲ್ಲಿ ರೊಟ್ಟಿ ಬೇಯುತ್ತಿತ್ತು. ಬಾಗಿಲಿಗೆ ಬಸ್ಸು ಬಂದು ನಿಂತಿದೆ. ಇದೇ ಅದು, ಇಷ್ಟು ವರ್ಷ ಕಾದದ್ದು ಇದೇ. ಹತ್ತು, ಹತ್ತು ಅಂತ ಒಳಗಿನಿಂದ ಯಾರೋ ದೂಡಿದಂತಾಯಿತು. ಆದರೆ ಈ ವೇಷದಲ್ಲಿ ಹೇಗೆ ಹತ್ತುವುದು?

"ರೈಟ್!" ಎಂದು ಶೀಲಾ ಸೀಟಿ ಊದಿದಳು. ಬಸ್ಸು ಹೋಯಿತು.

ಖಾಸಿಂಸಾಬರು ಗಡ್ಡ ನೀವಿಕೊಂಡರು. ಆಮೇಲೆ ಅವರ ಮುಖ ತಿಳಿಯಾಯಿತು. ಒಳ್ಳೆಯ ವ್ಯವಹಾರ ಕುದುರಿದಾಗ ಬಜಾರಿನಲ್ಲಿ ಹಾಗಾಗುತ್ತಿತ್ತು.

"ನೋಡಿದೀ ಬೇಟಿ? ಬಸ್ ಬಂತು, ಬಾಗಲಿಗೆ ನಿಂತಿತು. ನಾ ಬ್ಯಾಡ ಅಂದ್ನೇನು? ನೀನಽ ಹತ್ತಲಿಲ್ಲ. ನನ್ನ ಜಬಾನ್ ತೀರಿತು." ಎರಡೂ ಕೈ ಜಾಡಿಸಿದರು. "ಚುಕ್ತಾ. ಇನ್ನ ಆ ಮಾತು ತಗೀಬ್ಯಾಡ."

ಖುಶನುಮಾ ಒಳಗೆ ಹೋಗಿ ಸೀದು ಹೋದ ರೊಟ್ಟಿಯನ್ನು ಹಂಚಿನಿಂದ ಕೆರೆದು ತೆಗೆದಳು. ಎಂಥ ಮೋಸ, ಎಂಥ ಮೋಸ ಎಂದು ಅವಳ ಒಳಗು ಕುದಿಯುತ್ತಿತ್ತು. ಇನ್ನೊಂದು ರೊಟ್ಟಿ ಬಡಿದಳು, ಮತ್ತೊಂದು ಬಡಿದಳು. ಆಮೇಲೆ ಕೈ ತಾನಾಗಿ ನಿಧಾನವಾಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅಬ್ಬಾ, ಚುಕ್ತಾ ಅಂದ್ರ ಪೂರಾ ಚುಕ್ತಾ ಏನ್ರಿ?"

"ಪೂರಾ."

"ಎರಡೂ ಕಡೆ?"

"ಚುಕ್ತಾ ಅಂದ್ರ ಎರಡೂ ಕಡೆ. ಅದೇನು ಕೇಳ್ತಿ?"

"ಏನಿಲ್ರಿ," ಅಂದಳು ಖುಶನುಮಾ.

ಬುಧವಾರ ಅವಳು ಕೋಳಿ ಕೂಗುವ ಮೊದಲೇ ಎದ್ದಳು. ನೀರು ತುಂಬಿದಳು, ಬೇಳೆ ಪಲ್ಯ ಮಾಡಿದಳು, ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. ಮತೀನ ಆಟೋ ಒರೆಸುತ್ತ, ಏನಿದು ಇವತ್ತು ಅಂದ. ಉತ್ತರಕ್ಕೆ ಕಾಯುವ ಪುರಸೊತ್ತು ಅವನಿಗಿರಲಿಲ್ಲ, ಹೊರಟುಹೋದ. ಆಫ್ರೀನ ಮಾತ್ರ ಭಾಬಿಯನ್ನು ನೋಡಿದವಳೇ ತನ್ನ ಕಾಲೇಜಿನ ಚೀಲದಿಂದ ಪುಸ್ತಕ ತೆಗೆದು ಚೀಲವನ್ನು ಅವಳ ಕೈಗೆ ಕೊಟ್ಟಳು.

ಬುರ್ಖಾ ಹಾಕಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ ಅವಳು ಹೊಸ್ತಿಲ ಮೇಲೆ ನಿಂತಾಗ ಖಾಸಿಂಸಾಬರು ಕಟ್ಟೆಯ ಮೇಲೆ ಅಮಾತೆಪ್ಪನ ಜೊತೆ ಮಾತಾಡುತ್ತ ಕೂತಿದ್ದರು.

"ಎಲ್ಲಿಗೆ?"

"ನವನಗರಕ್ರಿ. ಲ್ಯಾಬಿಗೆ."

"ಜಬಾನ್ ತೀರೈತಿ ಅಂತ ನಿನ್ನೆ ಹೇಳಿದ್ನಲ್ಲ."

"ಅದಕ್ಕಽ ಹೊಂಟೀನ್ರಿ ಅಬ್ಬಾ." ಚೀಲದ ಪಟ್ಟಿ ಹೆಗಲಿಗೆ ಏರಿಸಿಕೊಂಡಳು. "ಬಸ್ ಬಾಗಲಿಗೆ ಬಂದ್ರ ಕಳಸ್ತೇನಿ ಅನ್ನೂದು ನಿಮ್ಮ ಕಡೀದು. ಬರೂತನಕಾ ಹೊಸ್ತಲಾ ದಾಟಂಗಿಲ್ಲ ಅನ್ನೂದು ನನ್ನ ಕಡೀದು. ನಿಮ್ಮದು ತೀರಿತು, ನಂದೂ ತೀರಿತು. ನೀವಽ ಕೈ ಜಾಡಿಸಿದ್ರಿ."

ಖಾಸಿಂಸಾಬರು ನಿನ್ನೆ ಜಾಡಿಸಿದ ತಮ್ಮ ಎರಡೂ ಕೈ ನೋಡಿಕೊಂಡರು. ಒಳಗಿನಿಂದ ಜೋಹರಾಬಿ, "ರೊಟ್ಟಿ ಎಲ್ಲಿಟ್ಟೀಯೇ?" ಎಂದು ಕೂಗಿದಳು.

"ಬುಟ್ಟ್ಯಾಗ ಅದಾವ್ರಿ ಅಮ್ಮಿ. ಮುಚ್ಚಿಟ್ಟೇನಿ."

ಬಸ್ಸು ತಿರುವಿನಲ್ಲಿ ಬಂತು. ಖುಶನುಮಾ ರಸ್ತೆಗೆ ಇಳಿದಳು. ನಡು ಓಣಿಯಲ್ಲಿ, ಮಾವನ ಕಣ್ಣೆದುರು, ಕೈ ಎತ್ತುವುದು ಎಷ್ಟು ಭಾರ! ಎತ್ತಿದಳು. ಡ್ರೈವರ್ ಮುದುಕಿಗೆ ಹಾಕಿದ ಹಾಗೆ ಇವಳಿಗೆ ಬ್ರೇಕು ಹಾಕಲಿಲ್ಲ, ಬಸ್ಸು ಬಾಗಿಲು ದಾಟಿ ಮುಂದೆ ಹೋಯಿತು. ಅವಳ ಜೀವವೇ ಹೋದಂತಾಯಿತು. ಒಳಗೆ ಶೀಲಾಳ ಸೀಟಿ ಕೇಳಿಸಿತು, ಅಮಾತೆಪ್ಪನ ಅಂಗಡಿ ದಾಟಿ ಬಸ್ಸು ನಿಂತಿತು. ಖುಶನುಮಾ ಓಡಿ ಹೋಗಿ ಹತ್ತಿಕೊಂಡಳು. ಮಾಡದಲ್ಲಿನ ಡಬ್ಬಿಗಳು ಅವತ್ತೂ ಗಡಗಡ ಅಂದವು. ಅಲ್ಲಿ ಕೇಳಿಸಿಕೊಳ್ಳಲು ಜೋಹರಾಬಿ ಒಬ್ಬಳೇ ಇದ್ದಳು.

ಅಮಾತೆಪ್ಪ ಕಣ್ಣರಳಿಸಿ ನೋಡುತ್ತ, "ಏನ್ರಿ ಖಾಸಿಂಸಾಬ್ರ, ಸೊಸಿ ಎಲ್ಲಿಗೆ ಹೊಂಟಾಳ?" ಎಂದು ಕೇಳಿದ.

ಜೀವಮಾನದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಖಾಸಿಂಸಾಬರು ರಸ್ತೆಯ ಕಡೆಯಿಂದ ಮುಖ ತಿರುಗಿಸಿಕೊಂಡರು.

"ನೌಕರಿಗೆ," ಎಂದರು.